ಕರೆದವರ ಮನೆಗೆ ಹೋದಾಗ

ಈ ಹೊತ್ತು ನಿಮ್ಮೊಡನೆ ಮಾತನಾಡಲು ಆರಿಸಿಕೊಂಡಿರುವ ವಿಷಯ ಮೊದಲ ನೋಟಕ್ಕೆ ಬಹಳ ಸಣ್ಣದೆಂದು ತೋರಬಹುದು. ಮದುವೆ, ಗೃಹಪ್ರವೇಶ, ನಾಮಕರಣ, ಬೀಗರ ಔತಣ, ಗೆಳೆಯನ ಹುಟ್ಟುಹಬ್ಬ ಇಂಥ ಸಮಾರಂಭಗಳಿಗೆ ಯಾರಾದರೂ ನಮ್ಮನ್ನು ಕರೆದಾಗ, ಅಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದೇ ಆ ವಿಷಯ. "ಇದನ್ನೂ ಹೇಳಿಕೊಡಬೇಕೆ? ಹೋಗುವುದು, ಉಣ್ಣುವುದು, ಬರುವುದು, ಅಷ್ಟೇ ತಾನೆ?" ಎಂದು ನೀವು ನಗಬಹುದು. ಆ ಮೂರು ಕ್ರಿಯಾಪದಗಳ ನಡುವೆ ಎಷ್ಟು ಸಂಗತಿ ಅಡಗಿದೆ ಎಂಬುದನ್ನು ಸ್ವಲ್ಪ ನೋಡೋಣ.

ವಿದ್ಯಾಭ್ಯಾಸ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳು ತೈತ್ತಿರೀಯ ಉಪನಿಷತ್ತಿನಲ್ಲಿ ಬರುತ್ತವೆ. ಅತಿಥಿಯನ್ನು ದೇವರಂತೆ ಕಾಣಬೇಕು ಎಂಬುದು ಅವುಗಳಲ್ಲಿ ಒಂದು. ಈ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಹೋಟೆಲುಗಳ ಗೋಡೆಯ ಮೇಲೂ ಓದಿದ್ದೇವೆ. ಆದರೆ ಒಂದು ಅಂಶವನ್ನು ಗಮನಿಸಿ. ಅದು ಮನೆಯ ಯಜಮಾನನಿಗೆ ಹೇಳಿದ ಮಾತು, ಅತಿಥಿಗೆ ಹೇಳಿದ್ದಲ್ಲ. ಅತಿಥಿಯಾಗಿ ಹೋದವನು ಅದನ್ನು ತನಗೆ ದೊರೆತ ಅಧಿಕಾರಪತ್ರವೆಂದು ತಿಳಿದುಬಿಟ್ಟರೆ ಮನೆಯವರ ಗತಿಯೇನು? ಹಾಗಾದರೆ ಅತಿಥಿಯ ಧರ್ಮವೇನು?

ನಾನು ವಿಜ್ಞಾನ ಓದಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕನಾದವನು. ಯಾವುದೇ ನಿಯಮವನ್ನು ಒಪ್ಪುವ ಮೊದಲು 'ಏಕೆ' ಎಂದು ಕೇಳುವುದನ್ನು ವಿಜ್ಞಾನ ಕಲಿಸಿತು. ತೆರೆಯ ಮೇಲೆ ಕಾಣುವ ಒಬ್ಬರ ಹಿಂದೆ ಕಾಣದ ಹತ್ತು ಜನರ ದುಡಿಮೆ ಇರುತ್ತದೆ ಎಂಬುದನ್ನು ದೂರದರ್ಶನ ಕಲಿಸಿತು. ಆದ್ದರಿಂದ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂಬ ಉದ್ದನೆಯ ಪಟ್ಟಿಯನ್ನು ನಿಮ್ಮ ಮುಂದಿಡುವುದಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಇಡುತ್ತೇನೆ: ನಮ್ಮನ್ನು ಕರೆದವರು ಆ ದಿನ ಯಾವುದಕ್ಕೆ ಹೆದರುತ್ತಿರುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಶಿಷ್ಟಾಚಾರದ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಕರೆದವರ ಮೂರು ಭಯಗಳು

ತುಮಕೂರು ತಾಲ್ಲೂಕಿನ ಕೋರ ಹೋಬಳಿಯ ಒಂದು ಹಳ್ಳಿಯನ್ನು ಕಣ್ಣಮುಂದೆ ತಂದುಕೊಳ್ಳಿ. ರಾಗಿ, ತೆಂಗು, ಅಡಿಕೆ, ಹುಣಸೆಯ ಸೀಮೆ. ಒಬ್ಬ ರೈತನ ಮನೆಯಲ್ಲಿ ಮದುವೆ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿದೆ. ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಸಿದ್ದಾಗಿದೆ. ಪಾತ್ರೆ, ಶಾಮಿಯಾನ, ಅಡಿಗೆಯವರು ಎಲ್ಲಕ್ಕೂ ಮುಂಗಡ ಕೊಟ್ಟಾಗಿದೆ. ಆ ಮುಂಗಡದಲ್ಲಿ ಸ್ವಲ್ಪ ಕೈಸಾಲ, ಸ್ವಲ್ಪ ಕೊಬ್ಬರಿ ಮಾರಿದ ಹಣ. ನೆಂಟರು ಬರತೊಡಗಿದ್ದಾರೆ. ಮನೆಯ ಯಜಮಾನ ಬಾಗಿಲಲ್ಲಿ ನಿಂತು "ಬನ್ನಿ, ಬನ್ನಿ" ಎಂದು ನಗುತ್ತ ಕೈಮುಗಿಯುತ್ತಿದ್ದಾನೆ.

ಆ ನಗುವಿನ ಹಿಂದೆ ಮೂರು ಭಯಗಳಿವೆ. ಮೊದಲನೆಯದು, ಮಾಡಿಸಿದ ಅಡಿಗೆ ಸಾಲದೆ ಹೋದರೆ? ಎರಡನೆಯದು, ಬಂದವರು ಕೊಂಕು ತೆಗೆದರೆ? ಮೂರನೆಯದು, ಬೇರೆಲ್ಲಕ್ಕಿಂತ ಆಳವಾದದ್ದು: ಬಂದವರು ನಮ್ಮ ಮನೆಯ ಅನ್ನ ನೀರನ್ನೇ ಬೇಡವೆಂದರೆ?

ಪಟ್ಟಣದ ಮನೆಯಲ್ಲಿ ಹುಟ್ಟುಹಬ್ಬದ ಕೇಕು ಕತ್ತರಿಸುವ ತಾಯಿಗೂ ಇವೇ ಮೂರು ಭಯಗಳಿರುತ್ತವೆ. ಪ್ರಮಾಣ ಮಾತ್ರ ಬೇರೆ. ಒಳ್ಳೆಯ ಅತಿಥಿ ಎಂದರೆ ಈ ಭಯಗಳನ್ನು ಒಂದೊಂದಾಗಿ ಇಳಿಸುವವನು. ನನ್ನ ದೃಷ್ಟಿಯಲ್ಲಿ ಶಿಷ್ಟಾಚಾರದ ಪೂರ್ತಿ ಅರ್ಥ ಇಷ್ಟೇ.

ಅಡಿಗೆಯವರ ಲೆಕ್ಕ

ಮೊದಲನೆಯ ಭಯ ಲೆಕ್ಕಕ್ಕೆ ಸಂಬಂಧಿಸಿದ್ದು. ಅಡಿಗೆಯವರು ಒಲೆ ಹೊತ್ತಿಸುವ ಮೊದಲು ಕೇಳುವ ಪ್ರಶ್ನೆ "ಎಷ್ಟು ಎಲೆ?" ಎಂಬುದು. ಎಷ್ಟು ಜನ ಎಂದು ಕೇಳುವುದಿಲ್ಲ, ಎಷ್ಟು ಎಲೆ ಬೀಳುತ್ತದೆ ಎಂದು ಕೇಳುತ್ತಾರೆ. ಅಕ್ಕಿ, ಬೇಳೆ, ತರಕಾರಿ, ಕೊನೆಗೆ ಉಪ್ಪಿನ ತೂಕ ಕೂಡ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ. ಆ ಸಂಖ್ಯೆಯನ್ನು ಹೇಳಬೇಕಾದ ಯಜಮಾನ ನಮ್ಮನ್ನು ನಂಬಿ ಹೇಳುತ್ತಾನೆ.

ಹಳ್ಳಿಯಲ್ಲಿ ಕರೆಯುವ ಕ್ರಮವೇ ಈ ಲೆಕ್ಕಕ್ಕೆ ನೆರವಾಗುವಂತಿದೆ. ಕುಂಕುಮ, ಅಕ್ಷತೆ ಹಿಡಿದು ಮನೆಗೇ ಬಂದು, "ಮನೆಮಂದಿಯೆಲ್ಲ ಬಂದು ನಡೆಸಿಕೊಡಬೇಕು" ಎಂದು ಕರೆದರೆ ಅದರ ಅರ್ಥ ಒಂದು. "ಮನೆಗೆ ಒಬ್ಬರಾದರೂ ಬನ್ನಿ" ಎಂದರೆ ಅದರ ಅರ್ಥ ಇನ್ನೊಂದು. ಕೇಳಿಸಿಕೊಂಡ ಹಿರಿಯರಿಗೆ ವ್ಯತ್ಯಾಸ ತಿಳಿಯುತ್ತಿತ್ತು. ಇಂದು ಆಮಂತ್ರಣ ಮೊಬೈಲ್ ಫೋನಿನಲ್ಲಿ ಚಿತ್ರವಾಗಿ ಬಂದು ಬೀಳುತ್ತದೆ. ನಾವು ನೋಡಿ, ಒಂದು ಹೆಬ್ಬೆರಳ ಗುರುತು ಒತ್ತಿ ಮರೆತುಬಿಡುತ್ತೇವೆ. ಬರುತ್ತೇವೆಯೋ ಇಲ್ಲವೋ ಕರೆದವರಿಗೆ ತಿಳಿಯದು.

ಆದ್ದರಿಂದ ಮೊದಲ ಕೆಲಸ, ಕರೆ ಬಂದೊಡನೆ ಸ್ಪಷ್ಟವಾಗಿ ಉತ್ತರ ಕೊಡುವುದು. ಬರುವುದಾದರೆ "ಬರುತ್ತೇನೆ, ನಾನೊಬ್ಬನೇ" ಎಂದೋ "ನಾನು ಮತ್ತು ತಂಗಿ" ಎಂದೋ ತಿಳಿಸಿ. ಬರಲಾಗದಿದ್ದರೆ "ನೋಡೋಣ" ಎಂಬ ಜಾರಿಕೆಯ ಮಾತು ಬೇಡ. ನಮ್ಮಲ್ಲಿ 'ಇಲ್ಲ' ಎನ್ನಲು ಸಂಕೋಚಪಟ್ಟು 'ನೋಡೋಣ' ಎನ್ನುವ ಅಭ್ಯಾಸವಿದೆ. ಐವತ್ತು ಜನ 'ನೋಡೋಣ' ಎಂದರೆ ಐವತ್ತು ಎಲೆಯ ಅಡಿಗೆ ಮಾಡಿಸಬೇಕೋ ಬೇಡವೋ ಆ ಮನೆಯವರಿಗೆ ಗೊತ್ತಾಗುವುದಿಲ್ಲ. ಹೇಳಿದ ಮೇಲೆ ಅಡಚಣೆ ಬಂದರೆ ಹಿಂದಿನ ದಿನವೇ ತಿಳಿಸಿದರೆ ಯಾರೂ ಬೇಸರಪಡುವುದಿಲ್ಲ.

ಇನ್ನೊಂದು ಮಾತು. ಕಾಲೇಜಿನ ಗೆಳೆಯನೊಬ್ಬ ತನ್ನ ಅಕ್ಕನ ಮದುವೆಗೆ ಕರೆದನೆಂದರೆ ಅವನು ಕರೆದದ್ದು ನಿಮ್ಮನ್ನು. ಹಾಸ್ಟೆಲಿನ ಪಕ್ಕದ ಕೋಣೆಯವರನ್ನೂ ಜೊತೆಗೆ ಹೊರಡಿಸಿಕೊಂಡು ಹೋಗುವುದು ಸ್ನೇಹವೆನಿಸುವುದಿಲ್ಲ. ಕರೆದುಕೊಂಡು ಹೋಗಲೇಬೇಕೆನಿಸಿದರೆ ಮೊದಲು ಕೇಳಿ. ಕೇಳಿದರೆ ಹತ್ತರಲ್ಲಿ ಒಂಬತ್ತು ಮನೆಯವರು "ಅದಕ್ಕೇನು, ಬರಲಿ" ಎನ್ನುತ್ತಾರೆ. ಕೇಳದೆ ಹೋದರೆ ಮಾತ್ರ ಅವರ ಲೆಕ್ಕ ಕೆಡುತ್ತದೆ.

ಎಲೆಯ ಮೇಲಿನ ವಿಜ್ಞಾನ

ಇನ್ನು ಊಟದ ಪಂಕ್ತಿಗೆ ಬರೋಣ. ಪಂಕ್ತಿಯಲ್ಲಿ ಕುಳಿತಾಗ ಎಲೆಯ ತುದಿ ಎಡಕ್ಕೆ ಬರುವಂತೆ ಹಾಕುವುದು, ಎಲ್ಲರ ಎಲೆಗೂ ಬಡಿಸಿ ಆಗುವವರೆಗೆ ಕಾಯುವುದು, ಪಕ್ಕದ ಹಿರಿಯರು ಇನ್ನೂ ಉಣ್ಣುತ್ತಿರುವಾಗ ಥಟ್ಟನೆ ಏಳದಿರುವುದು, ಇವನ್ನೆಲ್ಲ ನೀವು ಮನೆಯಲ್ಲಿ ಕಲಿತಿರುತ್ತೀರಿ. ಊಟವಾದ ಮೇಲೆ ಎಲೆ ಮಡಿಸುವ ರೂಢಿ ಮಾತ್ರ ಮನೆಯಿಂದ ಮನೆಗೆ ಬೇರೆ. ಬಹಳ ಕಡೆ ತಮ್ಮ ಕಡೆಗೆ ಮಡಿಸುತ್ತಾರೆ. ಕೆಲವರಲ್ಲಿ ಮಡಿಸುವುದೇ ಇಲ್ಲ. ಅನುಮಾನ ಬಂದರೆ ಪಕ್ಕದಲ್ಲಿ ಕುಳಿತ ಆ ಮನೆಯ ಹಿರಿಯರನ್ನು ನೋಡಿ ಹಾಗೆಯೇ ಮಾಡಿ. ಗೊತ್ತಿಲ್ಲದ ಮನೆಯಲ್ಲಿ ಇದಕ್ಕಿಂತ ಸುಲಭವಾದ ದಾರಿ ಇಲ್ಲ.

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಒಂದು ನಿಯಮವಿದೆ: ಹಾಕಿಸಿಕೊಂಡದ್ದನ್ನು ಉಣ್ಣುವುದು. ಇದನ್ನು ಹಿರಿಯರು 'ಅನ್ನ ದೇವರು, ಚೆಲ್ಲಬಾರದು' ಎಂದು ಹೇಳಿಕೊಟ್ಟರು. ನಾನು ಅದನ್ನೇ ಅಂಕಿಗಳಲ್ಲಿ ಹೇಳುತ್ತೇನೆ.

ಐನೂರು ಜನರ ಒಂದು ಮದುವೆಯೂಟ ಎಂದುಕೊಳ್ಳಿ. ಪ್ರತಿಯೊಬ್ಬರೂ ಎಲೆಯಲ್ಲಿ ಬರಿಯ ಒಂದು ಹಿಡಿ ಅನ್ನ, ಅಂದರೆ ಸುಮಾರು 60 ಗ್ರಾಂ ಬಿಟ್ಟು ಎದ್ದರು. ಒಬ್ಬರ ಎಲೆಯಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಐನೂರು ಎಲೆಗಳಲ್ಲಿ ಅದು 30 ಕಿಲೋಗ್ರಾಂ ಅನ್ನ. ಅಕ್ಕಿ ಬೆಂದಾಗ ಸುಮಾರು ಮೂರು ಪಟ್ಟು ತೂಗುತ್ತದೆ ಎಂದಿಟ್ಟುಕೊಂಡರೆ 10 ಕಿಲೋ ಅಕ್ಕಿ. ಒಂದು ಕಿಲೋ ಬತ್ತ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕೆಂದು ಕೃಷಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಎಂದರೆ, ಆ ಒಂದು ಹೊತ್ತಿನಲ್ಲಿ ಕಡಿಮೆಯೆಂದರೂ 25,000 ಲೀಟರ್ ನೀರು ಎಂಜಲೆಲೆಯ ಜೊತೆ ತಿಪ್ಪೆ ಸೇರಿತು. 5,000 ಲೀಟರಿನ ಐದು ಟ್ಯಾಂಕರುಗಳಷ್ಟು ನೀರು! ಹೇಮಾವತಿ ನಾಲೆಯ ನೀರಿಗಾಗಿ ವರ್ಷವಿಡೀ ದಾರಿ ಕಾಯುವ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಜನರಿಗೆ ಈ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕಲ್ಪನೆಯ ಲೆಕ್ಕವಾಯಿತು. ನಿಜವಾಗಿ ಅಳೆದ ಲೆಕ್ಕವೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ತಂಡವೊಂದು ಅಂದಿನ ಕುಲಪತಿ ಡಾ. ಕೆ. ನಾರಾಯಣಗೌಡರ ನೇತೃತ್ವದಲ್ಲಿ ನಗರದ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿತು. 2012ರಲ್ಲಿ ಹೊರಬಂದ ಅದರ ಫಲಿತಾಂಶದ ಪ್ರಕಾರ ಬೆಂಗಳೂರು ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿತ್ತು. ಒಂದು ಊಟಕ್ಕೆ ಅರ್ಧ ಕಿಲೋ ಎಂದರೂ ಹದಿನೆಂಟು ಲಕ್ಷಕ್ಕಿಂತ ಹೆಚ್ಚು ಊಟ. ಇಡೀ ಜಗತ್ತನ್ನು ತೆಗೆದುಕೊಂಡರೆ, 2022ರಲ್ಲಿ ತಿನ್ನಲಾಗದ ಸಿಪ್ಪೆ ಮೂಳೆಗಳೂ ಸೇರಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ತಿಳಿಸುತ್ತದೆ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಲ್ಲೇ ಹಾಳಾದದ್ದು. 1965ರಲ್ಲಿ ದೇಶಕ್ಕೆ ಆಹಾರದ ಕೊರತೆ ಒದಗಿದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರದಲ್ಲಿ ಒಂದು ಹೊತ್ತು ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಚೀನಾ ದೇಶ 2021ರಲ್ಲಿ ಆಹಾರ ಪೋಲಾಗುವುದನ್ನು ತಡೆಯಲು ಕಾನೂನನ್ನೇ ಮಾಡಿತು. ನಾವು ಊಟ ಬಿಡಬೇಕಾಗಿಲ್ಲ, ಕಾನೂನಿಗೆ ಕಾಯಬೇಕಾಗಿಯೂ ಇಲ್ಲ. ಎಲೆಯಲ್ಲಿ ಬಿಡದಿದ್ದರೆ ಸಾಕು.

ಈ ಮಾತು ಕೋರ ಹೋಬಳಿಗೆ ಇನ್ನೊಂದು ರೀತಿಯಲ್ಲೂ ಹತ್ತಿರದ್ದು. ಈ ಹೋಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಸ್ಥಾಪಿತವಾದ ಬೃಹತ್ ಆಹಾರ ಉದ್ಯಾನವನ್ನು ಪ್ರಧಾನಿ ನರೇಂದ್ರ ಮೋದಿಯವರು 2014ರ ಸೆಪ್ಟೆಂಬರ್ 24ರಂದು ಉದ್ಘಾಟಿಸಿದರು. ನಮ್ಮ ಮಂಗಳಯಾನ ನೌಕೆ ಮಂಗಳ ಗ್ರಹದ ಕಕ್ಷೆಯನ್ನು ಸೇರಿದ ದಿನವೂ ಅದೇ. ರೈತ ಬೆಳೆದ ಹಣ್ಣು, ತರಕಾರಿ, ಧಾನ್ಯ ಮಾರುಕಟ್ಟೆ ಮುಟ್ಟುವ ಮೊದಲೇ ಕೊಳೆತು ಹೋಗಬಾರದು, ಶೀತಲಗೃಹ ಮತ್ತು ಸಂಸ್ಕರಣಾ ಘಟಕಗಳ ಮೂಲಕ ಅದನ್ನು ಉಳಿಸಬೇಕು ಎಂಬುದು ಇಂಥ ಉದ್ಯಾನಗಳ ಉದ್ದೇಶ. ಹೊಲದಿಂದ ಮಾರುಕಟ್ಟೆಯವರೆಗಿನ ನಷ್ಟ ತಡೆಯಲು ಸರಕಾರ, ಉದ್ಯಮ, ಯಂತ್ರ ಎಲ್ಲವೂ ಬೇಕು. ಪಾತ್ರೆಯಿಂದ ಬಾಯಿಯವರೆಗಿನ ನಷ್ಟ ತಡೆಯಲು ಮಾತ್ರ ನಿಮ್ಮ ಒಂದು ಕೈ ಸಾಕು.

ಆ ಕೈಯನ್ನು ಯಾವಾಗ ಅಡ್ಡ ಹಿಡಿಯಬೇಕು ಎಂಬುದೇ ಇಲ್ಲಿನ ಗುಟ್ಟು. ಪಾತ್ರೆಯಲ್ಲಿ ಉಳಿದದ್ದು ಅನ್ನ. ಎಲೆಯಲ್ಲಿ ಉಳಿದದ್ದು ಎಂಜಲು. ಇದು ಬರಿಯ ಮಡಿಯ ಮಾತಲ್ಲ. ಬೆಂದ ಅನ್ನದಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಸಾಯದೆ ಉಳಿದಿರುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಅವು ಬೇಗ ಬೆಳೆಯುತ್ತವೆ. ಮುಚ್ಚಿಟ್ಟ ಬಿಸಿ ಪಾತ್ರೆಯಲ್ಲಿ ಉಳಿದ ಅಡಿಗೆಯನ್ನು ಹೊತ್ತು ಮೀರದಂತೆ ಹತ್ತಿರದ ಹಾಸ್ಟೆಲಿಗೋ ಅನಾಥಾಲಯಕ್ಕೋ ಕಳಿಸಬಹುದು. ಹೀಗೆ ಮಿಕ್ಕ ಆಹಾರವನ್ನು ಸುರಕ್ಷಿತವಾಗಿ ಹಂಚುವ ಬಗ್ಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೇ ರೂಪಿಸಿದೆ. ಎಲೆಗೆ ಬಿದ್ದು, ಕೈ ಸೋಕಿ, ಸಾರು ಬೆರೆತ ಅನ್ನವನ್ನು ಯಾವ ನಿಯಮವೂ ಉಳಿಸಲಾರದು. ಅಂದರೆ ಬಡಿಸುವವರ ಸೌಟು ಎಲೆಯ ಮೇಲೆ ಬಾಗುವ ಆ ಒಂದು ಕ್ಷಣದಲ್ಲಿ, ಆ ಅನ್ನ ಇನ್ನೊಬ್ಬರ ಊಟವಾಗಬೇಕೋ ತಿಪ್ಪೆಯ ಪಾಲಾಗಬೇಕೋ ಎಂಬುದನ್ನು ತೀರ್ಮಾನಿಸುವವರು ನೀವೇ.

"ಇನ್ನೊಂಚೂರು ಹಾಕಿಸ್ಕೊಳಪ್ಪ, ವಯಸ್ಸಿನ ಹುಡುಗ ನೀನು" ಎಂದು ಉಪಚಾರ ಮಾಡುವುದು ನಮ್ಮವರ ಪ್ರೀತಿ. ಬೇಡವೆಂದರೆ ಬೇಸರವಾದೀತೆಂದು ಹಾಕಿಸಿಕೊಂಡು ಬಿಡುವುದಕ್ಕಿಂತ, ಸೌಟು ಬಾಗುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಮುಖ ನೋಡಿ ನಕ್ಕು, "ಹೊಟ್ಟೆ ತುಂಬ ಆಯಿತು, ಪಲ್ಯ ಬಹಳ ಚೆನ್ನಾಗಿತ್ತು" ಎಂದರೆ ಯಾರಿಗೂ ನೋವಾಗುವುದಿಲ್ಲ. ಬೇಡವೆನ್ನುವಾಗ ಒಂದು ಒಳ್ಳೆಯ ಮಾತನ್ನೂ ಜೊತೆಗೆ ಸೇರಿಸುವುದು ದೊಡ್ಡ ಜಾಣತನ. ಯಾವುದಾದರೂ ಪದಾರ್ಥ ಹೊಸದಾಗಿದ್ದರೆ "ಸ್ವಲ್ಪ ಬಡಿಸಿ, ರುಚಿ ನೋಡುತ್ತೇನೆ" ಎನ್ನಿ. ನಿಂತು ಉಣ್ಣುವ ಬಫೆ ಊಟದಲ್ಲಿ ಬಡಿಸಿಕೊಳ್ಳುವವರೂ ನಾವೇ ಆದ್ದರಿಂದ ನೆಪ ಹೇಳಲು ಯಾರೂ ಇರುವುದಿಲ್ಲ. ಒಂದೇ ಸಲ ತಟ್ಟೆಯನ್ನು ಗೋಪುರ ಮಾಡದೆ ಎರಡು ಸಲ ಹೋಗಿ ಸ್ವಲ್ಪ ಸ್ವಲ್ಪ ಹಾಕಿಕೊಂಡರೆ ಸಾಲಿನಲ್ಲಿ ನಿಂತ ಕಾಲಿಗೆ ಸ್ವಲ್ಪ ನೋವು, ಅಷ್ಟೇ ನಷ್ಟ.

ಕೊಂಕು, ಮುಯ್ಯಿ ಮತ್ತು ಕ್ಯಾಮೆರಾ

ಎರಡನೆಯ ಭಯ, ಬಂದವರು ಕೊಂಕು ತೆಗೆದಾರೆಂಬುದು. "ಪಾಯಸಕ್ಕೆ ಗೋಡಂಬಿ ಕಡಿಮೆ", "ಅವರ ಮನೆ ಮದುವೆಯಲ್ಲಿ ನಾಲ್ಕು ಬಗೆ ಸಿಹಿ ಇತ್ತು" ಎಂಬ ಮಾತುಗಳನ್ನು ನಾವು ಪಂಕ್ತಿಯಲ್ಲೇ ಕುಳಿತು ಆಡುತ್ತೇವೆ. ಬಡಿಸುತ್ತಿರುವವರು ಬಹುಪಾಲು ಆ ಮನೆಯ ನೆಂಟರು, ಅಕ್ಕಪಕ್ಕದವರು. ಆ ಮಾತು ಕೈ ತೊಳೆಯುವ ಮೊದಲೇ ಯಜಮಾನನ ಕಿವಿ ಮುಟ್ಟುತ್ತದೆ. ಮುಂದಿನ ಮಗಳ ಮದುವೆಗೆ ಆ ಮನುಷ್ಯ ಸಿಹಿ ನಾಲ್ಕು ಬಗೆ ಮಾಡಿಸಿ, ಇನ್ನೊಂದಿಷ್ಟು ಸಾಲ ಹೊರುತ್ತಾನೆ. ಪಂಕ್ತಿಯ ಕೊಂಕುಮಾತು ಹೀಗೆ ಒಂದು ಮನೆಯ ಸಾಲವಾಗಿ ಬೆಳೆಯುತ್ತದೆ. ಲೋಪ ಕಂಡಿದ್ದರೆ ಮರೆತುಬಿಡಿ. ಹಿಡಿಸಿದ್ದನ್ನು ಮಾತ್ರ ಬಾಯಿಬಿಟ್ಟು ಹೇಳಿ.

ಉಡುಗೊರೆಯ ವಿಷಯ. ನಮ್ಮ ಸೀಮೆಯಲ್ಲಿ 'ಮುಯ್ಯಿ' ಎಂಬ ಪದ್ಧತಿ ಇದೆ. ಮದುವೆಯ ಚಪ್ಪರದಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಕೊಟ್ಟರೆಂದು ಬರೆದುಕೊಳ್ಳುತ್ತಾರೆ. ಅದನ್ನು ನೋಡಿ ಪಟ್ಟಣದ ಹುಡುಗರು ನಗುವುದುಂಟು. ನಗಬೇಕಾದದ್ದೇನೂ ಇಲ್ಲ. ಬ್ಯಾಂಕು ಹತ್ತಿರವಿಲ್ಲದ ಕಾಲದಲ್ಲಿ ಒಂದು ಮನೆಯ ದೊಡ್ಡ ಖರ್ಚನ್ನು ಊರೇ ಸೇರಿ ಸ್ವಲ್ಪ ಸ್ವಲ್ಪ ಹೊರುತ್ತಿದ್ದ ಏರ್ಪಾಟು ಅದು. ಇಂದು ಅವರ ಮನೆಗೆ ನಾವು ಕೊಟ್ಟದ್ದು ನಾಳೆ ನಮ್ಮ ಮನೆಯ ಕಾರ್ಯಕ್ಕೆ ಹಿಂದಿರುಗಿ ಬರುತ್ತದೆ. ಬರೆದಿಡದಿದ್ದರೆ ಹಿಂದಿರುಗಿಸುವುದು ಹೇಗೆ? ಆದರೆ ವಿದ್ಯಾರ್ಥಿಗಳಾದ ನೀವು ಈ ಕೊಡುಕೊಳ್ಳುವಿಕೆಯಲ್ಲಿ ಪೈಪೋಟಿಗೆ ಇಳಿಯಬೇಕಾಗಿಲ್ಲ. ನಿಮ್ಮ ಮಟ್ಟಕ್ಕೆ ತಕ್ಕ ಒಂದು ಪುಸ್ತಕ, ಒಂದು ಗಿಡ, ನಾಲ್ಕು ಜನ ಸೇರಿ ಕೊಂಡ ಒಂದು ಪಾತ್ರೆ ಸಾಕು. ಉಳಿದವರು ಏನು ಕೊಟ್ಟರೆಂದು ಇಣುಕಬೇಡಿ. ನೀವು ಕೊಟ್ಟದ್ದರ ಬೆಲೆ ಹೇಳಬೇಡಿ. ಬರಿಗೈಯಲ್ಲಿ ಬಂದ ಗೆಳೆಯನಿದ್ದರೆ ಅವನ ಮುಂದೆ ಉಡುಗೊರೆಯ ಮಾತನ್ನೇ ಎತ್ತಬೇಡಿ.

ಇನ್ನು ನನ್ನ ಉದ್ಯೋಗಕ್ಕೆ ಸೇರಿದ ಒಂದು ಮಾತು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ. ದೂರದರ್ಶನದವರಾದ ನಾವು ಯಾರ ಮನೆಯಲ್ಲಾದರೂ ಚಿತ್ರೀಕರಣ ಮಾಡಬೇಕಾದರೆ ಮೊದಲು ಅನುಮತಿ ಕೇಳುತ್ತೇವೆ. ಆ ಮನೆಯವರು ಬೇಡವೆಂದ ದೃಶ್ಯವನ್ನು ತೆಗೆದುಹಾಕುತ್ತೇವೆ. ಅತಿಥಿಯಾದ ನಿಮಗೂ ಇದೇ ನೀತಿ ಅನ್ವಯಿಸುತ್ತದೆ. ಬಾಯಿ ತೆರೆದು ಉಣ್ಣುತ್ತಿರುವವರ ಚಿತ್ರ ತೆಗೆಯಬೇಡಿ. ಆ ಕ್ಷಣದಲ್ಲಿ ಚೆನ್ನಾಗಿ ಕಾಣುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಧಾರೆಯ ಸಮಯದಲ್ಲಿ ಮುಂದೆ ನುಗ್ಗಿ ಅಜ್ಜ ಅಜ್ಜಿಯರ ನೋಟಕ್ಕೆ ಅಡ್ಡ ನಿಲ್ಲಬೇಡಿ. ಇನ್ನೊಬ್ಬರ ಮನೆಯ ಒಳಕೋಣೆ, ಅಡಿಗೆಮನೆ, ಅವರ ಹೆಣ್ಣುಮಕ್ಕಳ ಚಿತ್ರಗಳನ್ನು ಅವರನ್ನು ಕೇಳದೆ ಊರಿಗೆಲ್ಲ ಹಂಚಬೇಡಿ. ಕರೆದವರು ಬಾಗಿಲು ತೆರೆದದ್ದು ನಿಮಗೆ. ನಿಮ್ಮ ಫೋನಿನ ಹಿಂದಿರುವ ಸಾವಿರ ಜನಕ್ಕಲ್ಲ.

ಒಂದು ಲೋಟ ನೀರು

ಮೂರನೆಯ ಭಯಕ್ಕೆ ಬರುತ್ತೇನೆ. ಇದನ್ನು ನೀವು ವಿಶೇಷವಾಗಿ ಗಮನವಿಟ್ಟು ಕೇಳಬೇಕು.

ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ನಿಮ್ಮ ಗೆಳೆಯರು ಎಲ್ಲ ಜಾತಿ, ಮತ, ಭಾಗಗಳಿಂದ ಬಂದಿರುತ್ತಾರೆ. ಒಂದು ದಿನ ಅವರಲ್ಲೊಬ್ಬ ನಿಮ್ಮನ್ನು ಮನೆಗೆ ಕರೆಯುತ್ತಾನೆ. ಅವನ ಅಜ್ಜನನ್ನು ಒಂದು ಕಾಲದಲ್ಲಿ ಊರಿನ ಪಂಕ್ತಿಯಿಂದ ದೂರ ಕೂರಿಸಿದ್ದಿರಬಹುದು. ಆ ಮನೆಯವರಿಗೆ ನೀರನ್ನು ಮೇಲಿನಿಂದ ಸುರಿದದ್ದಿರಬಹುದು. ಆ ಮನೆಯ ತಾಯಿ ನಿಮಗೆ ಒಂದು ಲೋಟ ನೀರು ತಂದುಕೊಡುತ್ತಾಳೆ. ನೀವು, ನಿಜವಾಗಿಯೂ ಬಾಯಾರಿಕೆಯಿಲ್ಲದೆ, "ಬೇಡಮ್ಮ, ಈಗ ತಾನೆ ಕುಡಿದು ಬಂದೆ" ಎನ್ನುತ್ತೀರಿ. ನಿಮ್ಮ ಮಟ್ಟಿಗೆ ಅದು ಸಹಜವಾದ ಮಾತು. ಆದರೆ ಆ ತಾಯಿ ಅದೇ ವಾಕ್ಯವನ್ನು ಬೇರೆ ಅರ್ಥದಲ್ಲಿ ಎಷ್ಟು ಸಲ ಕೇಳಿದ್ದಾಳೋ! ಜಾತಿಯ ಕಾರಣಕ್ಕೆ ನೀರು ಬೇಡವೆನ್ನುವವರೂ ಬಾಯಿಬಿಟ್ಟು ಕಾರಣ ಹೇಳುವುದಿಲ್ಲ. ಅವರೂ "ಈಗ ತಾನೆ ಕುಡಿದೆ" ಎಂದೇ ಹೇಳುತ್ತಾರೆ.

ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಕಾಯಿದೆ ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಹೋಟೆಲಿನಲ್ಲಿ, ಬಾವಿಯಲ್ಲಿ, ದೇವಸ್ಥಾನದಲ್ಲಿ ಯಾರನ್ನೂ ತಡೆಯುವಂತಿಲ್ಲ. ನೀರು ಕೊಡುವುದಿಲ್ಲ ಎಂದವನನ್ನು ಕಾನೂನು ಹಿಡಿಯಬಲ್ಲದು. ಆದರೆ ಒಬ್ಬರ ಮನೆಗೆ ಹೋದವನು ಅಲ್ಲಿ ಕೊಟ್ಟ ನೀರನ್ನು ಮುಟ್ಟದೆ ಲೋಟವನ್ನು ಕಟ್ಟೆಯ ಮೇಲಿಟ್ಟು ಎದ್ದು ಬಂದರೆ ಯಾವ ಕಾನೂನು ಏನು ಮಾಡೀತು? ಕಾನೂನಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿಂದ ಮುಂದಿನದು ಅತಿಥಿಯ ನಡತೆಗೆ ಬಿಟ್ಟದ್ದು. ಆದ್ದರಿಂದ ಮಿತ್ರರೇ, ಕೊಟ್ಟ ನೀರನ್ನು ಎರಡು ಗುಟುಕಾದರೂ ಕುಡಿಯಿರಿ. ಹೊಟ್ಟೆ ತುಂಬಿದ್ದರೂ ಒಂದು ತುತ್ತು ಉಣ್ಣಿ. ಇತರ ಕಡೆ 'ಬೇಡ' ಎನ್ನುವುದು ಬರಿಯ ಬೇಡ. ಇಲ್ಲಿ ಅದಕ್ಕೆ ನೂರಾರು ವರ್ಷಗಳ ಭಾರವಿದೆ.

ಈ ಪಾಠಕ್ಕೆ ಮೇಲ್ಪಂಕ್ತಿ ತುಮಕೂರಿನ ಪಕ್ಕದಲ್ಲೇ ಇದೆ. ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠದಲ್ಲಿ ಜಾತಿಮತದ ಭೇದವಿಲ್ಲದೆ ಸಾವಿರಾರು ಮಕ್ಕಳು ಅನ್ನ, ಅಕ್ಷರ, ಆಶ್ರಯ ಪಡೆದು ಬೆಳೆದಿದ್ದಾರೆ, ಬೆಳೆಯುತ್ತಿದ್ದಾರೆ. 1907ರಲ್ಲಿ ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಸ್ವಾಮಿಗಳು ಆ ಕೆಲಸಕ್ಕೆ ತಮ್ಮ ಇಡೀ ಬಾಳನ್ನು ಕೊಟ್ಟರು. ಅದನ್ನು ಅಲ್ಲಿ ಅನ್ನದಾನ ಎನ್ನುವುದಿಲ್ಲ, 'ದಾಸೋಹ' ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಪದವದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ಸೇವಕನೆಂದು ಭಾವಿಸುತ್ತಾನೆ. ಕರೆದವನು ಅಷ್ಟು ಬಾಗಿದಾಗ, ಬಂದವನು ಸೆಟೆದು ಕೂರುವುದು ಹೇಗೆ?

ಆಹಾರ ಪದ್ಧತಿಯ ಭೇದವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೀಗರ ಔತಣದಲ್ಲಿ ಮಾಂಸದ ಸಾರು, ಮುದ್ದೆ ಇರುತ್ತದೆ. ನೀವು ಮಾಂಸ ತಿನ್ನದವರಾದರೆ ಅದು ನಿಮ್ಮ ಹಕ್ಕು, ಯಾರೂ ಒತ್ತಾಯಿಸಬಾರದು. ಆದರೆ ಅದನ್ನು ಕರೆದ ದಿನವೇ ಮೆಲ್ಲನೆ ತಿಳಿಸಿ. ಪಂಕ್ತಿಯಲ್ಲಿ ಕುಳಿತ ಮೇಲೆ ಮೂಗು ಮುಚ್ಚಿಕೊಳ್ಳುವುದು, ಮುಖ ಸಿಂಡರಿಸುವುದು ಸಲ್ಲದು. ಹಾಗೆಯೇ ಸಸ್ಯಾಹಾರಿಗಳ ಮನೆಗೆ ಹೋಗಿ "ಬರೀ ಇಷ್ಟೇನಾ?" ಎಂದು ನಗುವುದೂ ಸಲ್ಲದು. ಮುದ್ದೆ ಉಂಡು ಅಭ್ಯಾಸವಿಲ್ಲದ ಗೆಳೆಯ ಬಂದಿದ್ದರೆ, ಅದನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗಬೇಕೆಂದು ಹೇಳಿಕೊಡಿ. ಅವನ ಪಾಡು ನೋಡಿ ನಗಬೇಡಿ. ನಕ್ಕರೂ ಅವನೊಡನೆ ನಗಿ. ಇನ್ನು ಯಾರ ಮನೆಗೆ ಹೋದರೂ "ನೀವು ಯಾವ ಜನ?" ಎಂಬ ಪ್ರಶ್ನೆ ನಿಮ್ಮ ಬಾಯಿಂದ ಬರಕೂಡದು. ಅನ್ನ ಇಕ್ಕಿದವರಲ್ಲಿ ಕೇಳಬಾರದ ಪ್ರಶ್ನೆಗಳಲ್ಲಿ ಇದು ಮೊದಲನೆಯದು.

ಕಾಣದವರು, ಮತ್ತು ಹೊರಡುವ ಮಾತು

ತೆರೆಯ ಹಿಂದಿನವರ ಮಾತನ್ನು ಆರಂಭದಲ್ಲಿ ಹೇಳಿದೆ. ಊಟದಲ್ಲೂ ತೆರೆಯ ಹಿಂದೆ ಜನರಿರುತ್ತಾರೆ. ಬೆಳಗಿನ ಜಾವದಿಂದ ಹೊಗೆಯಲ್ಲಿ ನಿಂತ ಅಡಿಗೆಯವರು, ಬಗ್ಗಿ ಬಗ್ಗಿ ಬಡಿಸಿ ಸೊಂಟ ಹಿಡಿದವರು, ಕಡೆಗೆ ನಮ್ಮ ಎಂಜಲೆಲೆ ಎತ್ತಿ, ನೆಲ ಒರೆಸಿ, ಎಲ್ಲರೂ ಉಂಡಾದ ಮೇಲೆ ಉಣ್ಣುವವರು. ಅವರನ್ನು "ಏಯ್, ಇಲ್ಲಿ ನೀರು!" ಎಂದು ಕೂಗಿ ಕರೆಯದೆ, "ಅಣ್ಣಾ, ಸ್ವಲ್ಪ ನೀರು ಕೊಡಿ", "ಅಮ್ಮಾ, ಉಪ್ಪಿನಕಾಯಿ ಇತ್ತ" ಎಂದರೆ ಕಳೆದುಕೊಳ್ಳುವುದೇನೂ ಇಲ್ಲ. ಎಲೆಯಲ್ಲಿ ಕೈ ತೊಳೆದು, ಲೋಟವನ್ನು ಎಲೆಯೊಳಗೆ ಅದುಮಿ ಏಳುವವರನ್ನು ನೋಡಿರುತ್ತೀರಿ. ಆ ಎಲೆಯನ್ನು ಒಬ್ಬ ಮನುಷ್ಯ ಕೈಯಲ್ಲಿ ಎತ್ತಬೇಕು ಎಂಬುದನ್ನು ನೆನೆದರೆ ಹಾಗೆ ಮಾಡಲು ಮನಸ್ಸು ಬಾರದು. ನಿಮ್ಮದು ಬಿಸಿರಕ್ತದ ವಯಸ್ಸು. ಆಪ್ತರ ಮನೆಯ ಕಾರ್ಯವಾದರೆ ಒಂದು ಪಂಕ್ತಿಗೆ ನೀವೂ ಬಡಿಸಿ. ಬಡಿಸಿದ ಮೇಲೆ, ಅನ್ನವನ್ನು ಎಲೆಯಲ್ಲಿ ಬಿಟ್ಟವರ ಮೇಲೆ ನಿಮಗೆ ಎಷ್ಟು ಬೇಸರವಾಗುತ್ತದೆ ನೋಡಿ. ನನ್ನ ಇಷ್ಟುದ್ದದ ಭಾಷಣ ಕಲಿಸಲಾಗದ್ದನ್ನು ಆ ಅರ್ಧ ಗಂಟೆ ಕಲಿಸುತ್ತದೆ.

ಹೊರಡುವಾಗ ಹೇಳಿ ಹೊರಡಿ. ನಮ್ಮಲ್ಲಿ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತೇವೆ. ಯಜಮಾನರು ಗದ್ದಲದಲ್ಲಿದ್ದರೆ ಮನೆಯ ಹಿರಿಯರಲ್ಲಿ ಯಾರಿಗಾದರೂ ಕೈಮುಗಿದು ಹೇಳಿದರೂ ಆದೀತು. ಆ ಮನೆಯವರು ಇನ್ನೂ ಉಂಡಿರುವುದಿಲ್ಲ, ಮೂರು ದಿನದಿಂದ ಕಣ್ಣು ಮುಚ್ಚಿರುವುದಿಲ್ಲ ಎಂಬುದನ್ನು ನೆನಪಿಟ್ಟು, ಹರಟೆಯನ್ನು ಇನ್ನೊಂದು ದಿನಕ್ಕೆ ಉಳಿಸಿಕೊಳ್ಳಿ. ಮರುದಿನ ಗೆಳೆಯ ಸಿಕ್ಕಾಗ "ನಿಮ್ಮಮ್ಮನಿಗೆ ಹೇಳು, ಊಟ ಚೆನ್ನಾಗಿತ್ತು" ಎಂದು ಒಂದು ಮಾತು ಹೇಳಿ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆ ನಮ್ಮದೇ ತಾನೆ?

ಬರುವ ವಾರವೋ ಬರುವ ತಿಂಗಳೋ ನಿಮ್ಮನ್ನು ಯಾರಾದರೂ ಕರೆಯುತ್ತಾರೆ. ಎಷ್ಟು ಜನ ಬರುತ್ತೀರೆಂದು ಮೊದಲೇ ತಿಳಿಸಿ. ಪಂಕ್ತಿ ಎದ್ದ ಮೇಲೆ ಒಂದು ನಿಮಿಷ ಹಿಂದೆ ನಿಂತು, ಎಲೆಗಳ ಸಾಲನ್ನು ಒಮ್ಮೆ ನೋಡಿ. ಖಾಲಿ ಎಲೆಗಳೆಷ್ಟು, ತುಂಬಿದ ಎಲೆಗಳೆಷ್ಟು, ಎಣಿಸಿ. ವಿಜ್ಞಾನದ ವಿದ್ಯಾರ್ಥಿಗಳಾದರೆ ತೂಕವನ್ನೂ ಅಂದಾಜು ಮಾಡಿ, ಶಾಲೆಯಲ್ಲಿ ನಿಮ್ಮ ಗೆಳೆಯರಿಗೆ ಆ ಲೆಕ್ಕ ಹೇಳಿ. ಎಣಿಸುವ ಮೊದಲು ನಿಮ್ಮ ಎಲೆ ಖಾಲಿಯಿದೆಯೇ ಎಂದು ನೋಡಿಕೊಳ್ಳ‌ುವುದನ್ನು ಮಾತ್ರ ಮರೆಯಬೇಡಿ.